ಒಡೆದ ಟೆಸ್ಟ್ ಟ್ಯೂಬಿನ ಲೆಕ್ಕ

ಹೋದ ವರ್ಷ ಫೆಬ್ರವರಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಜಿನಿಯರ್.

"ಮೇಡಂ, ನಮ್ ಕಂಪನೀಲಿ ಸಮಾಜದ ಕೆಲಸಕ್ಕೆ ಅಂತ ಇಟ್ಟಿರೋ ಸಿಎಸ್‌ಆರ್ ದುಡ್ಡು ಉಳ್ದಿದೆ. ಮಾರ್ಚ್ ಒಳಗೆ ಖರ್ಚಾಗ್ಬೇಕು. ನಮ್ಮ ಹೈಸ್ಕೂಲಿಗೆ ಸೈನ್ಸ್ ಲ್ಯಾಬ್ ಮಾಡ್ಸೋಣ ಅಂತ ನಾನೇ ಹೆಸರು ಕೊಟ್ಟಿದೀನಿ. ಏನೇನು ಬೇಕು ಅಂತ ಒಂದು ಲಿಸ್ಟ್ ಕಳಿಸ್ತೀರಾ?"

ನಿವೃತ್ತಿಯಾಗಿ ಮೂರು ವರ್ಷವಾದ ಮೇಲೂ ಯಾರಾದರೂ ಲ್ಯಾಬಿಗೆ ಏನು ಬೇಕು ಎಂದು ನನ್ನನ್ನು ಕೇಳುತ್ತಾರೆ ಎಂದುಕೊಂಡಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ ಕೂತು ಬರೆದೆ. ಒಂದೂವರೆ ವೋಲ್ಟಿನ ಸೆಲ್, ಟಾರ್ಚ್ ಬಲ್ಬ್, ಹೋಲ್ಡರ್, ತೆಳು ವೈರು, ಮೆಗ್ನೀಷಿಯಂ ರಿಬ್ಬನ್, ಸತುವಿನ ಚೂರು, ಲಿಟ್ಮಸ್, ಟೆಸ್ಟ್ ಟ್ಯೂಬ್, ಫಿಲ್ಟರ್ ಪೇಪರ್, ಸೈಕಲ್ ವಾಲ್ವ್ ಟ್ಯೂಬ್, ಬಲೂನು, ದಾರ, ಮೇಣದ ಬತ್ತಿ, ಸ್ಪಿರಿಟ್. ಕೊನೆಗೆ ಒಂದು ಸಾಲು ಸೇರಿಸಿದೆ: ಇವೆಲ್ಲ ಪ್ರತಿ ಜೂನ್‌ನಲ್ಲೂ ಮತ್ತೆ ಬೇಕು, ಹತ್ತು ವರ್ಷ.

ಮಾರನೆಯ ದಿನ ಮತ್ತೆ ಫೋನ್ ಬಂತು. ದನಿ ಸ್ವಲ್ಪ ಸಪ್ಪಗಿತ್ತು. "ಮೇಡಂ, ಇದನ್ನ ಪ್ರಪೋಸಲ್‌ನಲ್ಲಿ ಹಾಕೋಕಾಗಲ್ಲ. ಎಲ್ಲಾ ಖಾಲಿಯಾಗೋ ಸಾಮಾನು. ಅವರಿಗೆ ಕಣ್ಣಿಗೆ ಕಾಣೋ ಥರದ್ದು ಬೇಕು. ಮೇಲೊಂದು ಬೋರ್ಡ್ ಹಾಕೋ ಥರದ್ದು."

"ಖಾಲಿಯಾಗೋದಕ್ಕೇ ಕಣಪ್ಪ ದುಡ್ಡು ಬೇಕಾಗಿರೋದು" ಅಂದೆ. ಅವನಿಗೆ ಅರ್ಥವಾಯಿತು. ಆದರೆ ಅವನ ಮೇಲಿನವರಿಗೆ ಅದನ್ನು ಹೇಗೆ ಹೇಳುವುದು ಎಂದು ಇಬ್ಬರಿಗೂ ತೋಚಲಿಲ್ಲ. ಆವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ, ತುಮಕೂರು ಜಿಲ್ಲೆಯ ಒಂದು ಹೋಬಳಿ ಹೈಸ್ಕೂಲಿಗೆ. ಸೇರಿದ ವಾರವೇ ಲ್ಯಾಬಿನ ಚಾರ್ಜ್ ತೆಗೆದುಕೊಳ್ಳಬೇಕಾಯಿತು. ವರ್ಗವಾಗಿ ಹೊರಟಿದ್ದ ಮೇಷ್ಟ್ರು ಬೀರುವಿನ ಬಾಗಿಲು ತೆಗೆದು, ಸ್ಟಾಕ್ ರಿಜಿಸ್ಟರ್ ಹಿಡಿದು ಒಂದೊಂದೇ ಓದುತ್ತಾ ಹೋದರು. ಬ್ಯುರೆಟ್ ನಾಲ್ಕು, ಇದೆ. ಥರ್ಮಾಮೀಟರ್ ಆರು, ಇದೆ. ಪೀನ ಮಸೂರ ಹನ್ನೆರಡು, ಇದೆ. ಬ್ಯುರೆಟ್ ಅಂದರೆ ದ್ರವ ಅಳೆಯುವ ಉದ್ದನೆಯ ಗಾಜಿನ ಕೊಳವೆ; ಅವನ್ನು ತಂದಾಗ ಸುತ್ತಿದ್ದ ಒಣಹುಲ್ಲನ್ನೂ ಬಿಚ್ಚಿರಲಿಲ್ಲ. ಕೊನೆಯ ಪುಟಕ್ಕೆ ಸಹಿ ಹಾಕಿಸಿಕೊಂಡು ಅವರು ಹೇಳಿದರು: "ಹನ್ನೊಂದು ವರ್ಷದಲ್ಲಿ ಒಂದು ಟೆಸ್ಟ್ ಟ್ಯೂಬೂ ಒಡೆದಿಲ್ಲ ನೋಡಮ್ಮ."

ಅವರನ್ನು ನಾನು ಯಾವತ್ತೂ ಕೆಟ್ಟ ಮೇಷ್ಟ್ರು ಎಂದುಕೊಂಡಿಲ್ಲ. ಅವರ ಭಯವೇನು ಎಂದು ಎರಡೇ ವರ್ಷದಲ್ಲಿ ನನಗೂ ತಿಳಿಯಿತು. ರಿಜಿಸ್ಟರಿನಲ್ಲಿ ಇರುವುದು ಬೀರುವಿನಲ್ಲೂ ಇರಬೇಕು. ಇಲ್ಲದಿದ್ದರೆ ಆಡಿಟ್‌ನಲ್ಲಿ ಆಕ್ಷೇಪಣೆ. ಒಡೆದ ಗಾಜನ್ನು ಲೆಕ್ಕದಿಂದ ತೆಗೆಸಲು ಅರ್ಜಿ, ಷರಾ, ಮೇಲಿನವರ ಸಹಿ. ಸಂಬಳದಲ್ಲಿ ಹಿಡಿಯುತ್ತಾರಂತೆ ಎಂಬ ಮಾತು ಎಲ್ಲ ಸ್ಟಾಫ್ ರೂಮಿನಲ್ಲೂ ಓಡಾಡುತ್ತಿತ್ತು. ಹೀಗಿರುವಾಗ ಹದಿಮೂರು ವರ್ಷದ ಹುಡುಗನ ಕೈಗೆ ಥರ್ಮಾಮೀಟರ್ ಕೊಡಲು ಯಾರಿಗೆ ಧೈರ್ಯ ಬರುತ್ತದೆ? ಬೀಗವೇ ಸುಲಭ. ಮಕ್ಕಳು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬ್ಯುರೆಟ್ಟಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದಾರೆ. ಬ್ಯುರೆಟ್ಟು ಹತ್ತು ಅಡಿ ಆಚೆ ಹುಲ್ಲಿನಲ್ಲಿ ಮಲಗಿತ್ತು.

ಮಕ್ಕಳ ವಿಜ್ಞಾನಕ್ಕೆ ದುಡ್ಡು ಕೊಡುವವರನ್ನು ನೋಡಿದಾಗಲೆಲ್ಲ ನನಗೆ ಆ ಹುಲ್ಲು ನೆನಪಾಗುತ್ತದೆ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದುಡ್ಡು ಹೋಗಿ ನಿಲ್ಲುವುದು ಉಳಿಯುವ ವಸ್ತುವಿನ ಮೇಲೆ. ಮಕ್ಕಳ ಕಲಿಕೆ ನಡೆಯುವುದು ಮುಗಿದುಹೋಗುವ ವಸ್ತುವಿನಲ್ಲಿ.

ಎಂಟನೇ ಕ್ಲಾಸಿನ ಒಂದು ದಿನ ಹೇಳುತ್ತೇನೆ. ವಿದ್ಯುತ್ತಿನ ರಾಸಾಯನಿಕ ಪರಿಣಾಮದ ಪಾಠ. ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೊಂದು ಪ್ಲಾಸ್ಟಿಕ್ ಲೋಟ, ಎರಡು ತುದಿಯನ್ನೂ ಚೂಪು ಮಾಡಿದ ಎರಡು ಪೆನ್ಸಿಲ್, ಒಂದು ಒಂಬತ್ತು ವೋಲ್ಟಿನ ಬ್ಯಾಟರಿ. ನೀರಿಗೆ ಏನು ಬೆರೆಸಬೇಕು ಎಂದು ನಾನು ಹೇಳುವ ಮೊದಲೇ ಒಂದು ಗುಂಪು ಬಿಸಿಯೂಟದ ಅಡುಗೆಮನೆಗೆ ಹೋಗಿ ಉಪ್ಪು ತಂದು ಹಾಕಿಬಿಟ್ಟಿತ್ತು. ಗುಳ್ಳೆ ಎದ್ದವು. ಹೆಣ್ಣುಮಗಳೊಬ್ಬಳು ಲೋಟಕ್ಕೆ ಮೂಗು ತಂದು ಹಿಂದೆ ಸರಿದಳು. "ಮೇಡಂ, ಬಾವಿಗೆ ಪೌಡರ್ ಹಾಕ್ದಾಗ ಬರೋ ವಾಸನೆ!"

ಸರಿಯಾಗಿಯೇ ಹೇಳಿದ್ದಳು. ಉಪ್ಪು ನೀರಿನಲ್ಲಿ ಧನ ತುದಿಯಲ್ಲಿ ಹೊರಡುವುದು ಹೆಚ್ಚಾಗಿ ಕ್ಲೋರಿನ್. ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆಯ ಹತ್ತಿರದ ನೆಂಟ. ಕಿಟಕಿ ತೆಗೆಸಿ, ಲೋಟ ಹೊರಗಿಡಿಸಿ, ಪಕ್ಕದ ಗುಂಪಿಗೆ ಉಪ್ಪಿನ ಬದಲು ವಾಷಿಂಗ್ ಸೋಡಾ ಕೊಟ್ಟೆ. ಅಲ್ಲಿ ವಾಸನೆ ಇಲ್ಲ, ಆದರೆ ಒಂದು ಪೆನ್ಸಿಲ್ಲಿನಲ್ಲಿ ಗುಳ್ಳೆ ಇನ್ನೊಂದಕ್ಕಿಂತ ಜಾಸ್ತಿ. ಯಾಕೆ ಜಾಸ್ತಿ? ಎಷ್ಟು ಜಾಸ್ತಿ? ಅಳೆಯೋದು ಹೇಗೆ? ಆ ಪ್ರಶ್ನೆಗಳು ಅವರಿಂದಲೇ ಬಂದವು. ಜಲಜನಕ ಎರಡು ಪಾಲಿಗೆ ಆಮ್ಲಜನಕ ಒಂದು ಪಾಲು ಎಂಬ ಉತ್ತರ ಪುಸ್ತಕದಲ್ಲಿ ಬರುವುದು ಇನ್ನೆರಡು ವರ್ಷ ಬಿಟ್ಟು, ಹತ್ತನೇ ಕ್ಲಾಸಿನಲ್ಲಿ. ಇವರು ಟೆಸ್ಟ್ ಟ್ಯೂಬ್‌ಗಳನ್ನು ನೀರು ತುಂಬಿಸಿ ಪೆನ್ಸಿಲ್ ತುದಿಯ ಮೇಲೆ ಬೋರಲು ಹಾಕಲು ಹೋಗಿ ಮೂರು ಒಡೆದರು. ನಾಲ್ಕನೆಯದು ನಿಂತಿತು. ಸಂಜೆಯ ಹೊತ್ತಿಗೆ ಎಲ್ಲ ಬ್ಯಾಟರಿಗಳೂ ಸತ್ತಿದ್ದವು.

ಆ ಮಧ್ಯಾಹ್ನದ ಖರ್ಚು ಹತ್ತು ಹನ್ನೆರಡು ಬ್ಯಾಟರಿ, ಮೂರು ಟೆಸ್ಟ್ ಟ್ಯೂಬ್, ಒಂದು ಡಬ್ಬ ಪೆನ್ಸಿಲ್. ಅದನ್ನು ಯಾವ ಲೆಕ್ಕದಲ್ಲಿ ಬರೆಯಲಿ? ನನ್ನ ಪರ್ಸಿನಿಂದ ಕೊಟ್ಟೆ. ನನ್ನಂಥ ಸಾವಿರಾರು ಜನ ಶಿಕ್ಷಕರು ಹೀಗೆಯೇ ಕೊಟ್ಟಿದ್ದಾರೆ, ಈಗಲೂ ಕೊಡುತ್ತಿದ್ದಾರೆ. ಆದರೆ ಒಬ್ಬ ಶಿಕ್ಷಕಿಯ ಒಳ್ಳೆಯತನದ ಮೇಲೆ ನಿಂತ ಪ್ರಯೋಗ ಅವಳ ಮನೆಯಲ್ಲಿ ಮದುವೆ ಬಂದ ವರ್ಷ, ಆಸ್ಪತ್ರೆ ಖರ್ಚು ಬಂದ ವರ್ಷ ನಿಂತುಹೋಗುತ್ತದೆ. ನನ್ನದೂ ನಿಂತಿತ್ತು, ಎರಡು ವರ್ಷ.

ಆ ಲೋಟದಲ್ಲಿ ಮಕ್ಕಳು ನೋಡಿದ್ದಕ್ಕೆ ಎಲೆಕ್ಟ್ರಾಲಿಸಿಸ್ ಎಂಬ ಹೆಸರು ಮುದ್ರಣದಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ, 1834ರಲ್ಲಿ. ಅದೇ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳೆದುರು ಆರು ಉಪನ್ಯಾಸ ಕೊಟ್ಟರು. ವಿಷಯ ಒಂದು ಮೇಣದ ಬತ್ತಿ. ಅದನ್ನು ಉರಿಸುತ್ತಾ ಉರಿಸುತ್ತಾ ಗಾಳಿ, ನೀರು, ಇಂಗಾಲ, ಉಸಿರಾಟದವರೆಗೂ ಹೋದರು. ನಡುವೆ ಬ್ಯಾಟರಿಯಿಂದ ನೀರನ್ನು ಒಡೆದೂ ತೋರಿಸಿದರು. 1825ರಲ್ಲಿ ಶುರುವಾದ ಆ ಉಪನ್ಯಾಸ ಮಾಲೆಯಲ್ಲಿ ಇವತ್ತಿಗೂ ಜನ ನೆನೆಸಿಕೊಳ್ಳುವುದು ಆ ಬತ್ತಿಯನ್ನು. ಉಪನ್ಯಾಸ ಮುಗಿಯುವ ಹೊತ್ತಿಗೆ ಬೀರುವಿಗೆ ವಾಪಸ್ ಇಡಲು ಅದರಲ್ಲಿ ಉಳಿದಿದ್ದೇನು?

ಈಗ ಸರ್ಕಾರದ ದುಡ್ಡಿನ ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಸಂಯುಕ್ತ ಅನುದಾನ ಬರುತ್ತದೆ. ಮಾರ್ಗಸೂಚಿಯ ಪ್ರಕಾರ ನೂರರ ಮೇಲೆ ಇನ್ನೂರೈವತ್ತರವರೆಗೆ ಮಕ್ಕಳಿರುವ ಶಾಲೆಗೆ ₹50,000. ಕರೆಂಟು ಬಿಲ್ಲು, ನೀರು, ಇಂಟರ್‌ನೆಟ್, ಕೆಟ್ಟ ಸಾಮಾನಿನ ರಿಪೇರಿ, ಆಟದ ಸಾಮಾನು, ಬೋಧನೋಪಕರಣ, ಪ್ರಯೋಗಶಾಲೆ ಎಲ್ಲವೂ ಅದರಲ್ಲೇ ಆಗಬೇಕು. ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಇಡಬೇಕು. ಎಚ್‌ಎಂ ಕುರ್ಚಿಯಲ್ಲಿ ಕೂತವರಿಗೆ ಗೊತ್ತು, ಶೌಚಾಲಯದ ನಲ್ಲಿ ಮತ್ತು ಮೆಗ್ನೀಷಿಯಂ ರಿಬ್ಬನ್ ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂದು. ನಲ್ಲಿಯೇ ಗೆಲ್ಲಬೇಕು. ನಾನಾದರೂ ನಲ್ಲಿಗೇ ಕೊಡುತ್ತಿದ್ದೆ.

ನಾನು ಒಂದು ಲೆಕ್ಕ ಹಾಕಿದ್ದೆ. ನೂರಿಪ್ಪತ್ತು ಮಕ್ಕಳು, ನಾಲ್ವರಂತೆ ಮೂವತ್ತು ಗುಂಪು. ಗುಂಪಿಗೆ ಎರಡು ಸೆಲ್, ವರ್ಷಕ್ಕೆ ಎರಡು ಸಲ ಬದಲಾವಣೆ, ಒಟ್ಟು ನೂರಿಪ್ಪತ್ತು ಸೆಲ್. ಸುಮಾರು ₹2,000 ಆಗುತ್ತದೆ. ಬಲ್ಬು, ವೈರು, ಗಾಜು, ರಾಸಾಯನಿಕ ಎಲ್ಲ ಸೇರಿಸಿದರೂ ₹20,000 ದಾಟಿಸುವುದು ಕಷ್ಟ. ಒಂದು ಶಾಲೆಯ ಪ್ರತಿ ಮಗುವೂ ಕೈಯಾರೆ ಪ್ರಯೋಗ ಮಾಡಲು, ಇಡೀ ವರ್ಷಕ್ಕೆ ಇಷ್ಟು. ಇದಕ್ಕೆ ಬೇಕಾದ್ದು ದೊಡ್ಡ ಮೊತ್ತವಲ್ಲ, ತಪ್ಪದೆ ಬರುವ ಮೊತ್ತ.

ದೊಡ್ಡ ಮೊತ್ತದ ಯೋಜನೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಎಲ್ಲರಿಗೂ ಗೊತ್ತಿರುವಂಥದ್ದು. 2016ರಲ್ಲಿ ನೀತಿ ಆಯೋಗ ಶುರುಮಾಡಿದ ಅಟಲ್ ಇನ್ನೊವೇಷನ್ ಮಿಷನ್ನಿನ ಭಾಗ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ 3ಡಿ ಪ್ರಿಂಟರ್, ಸೆನ್ಸರ್, ಪ್ರೋಗ್ರಾಂ ಮಾಡಬಲ್ಲ ಸಣ್ಣ ಬೋರ್ಡುಗಳು, ಮರಗೆಲಸದ ಉಪಕರಣ. ಆಯ್ಕೆಯಾದ ಶಾಲೆಗೆ ₹20 ಲಕ್ಷದವರೆಗೆ ಅನುದಾನ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಅಂಶ: ಅರ್ಧ ದುಡ್ಡು ಲ್ಯಾಬ್ ಕಟ್ಟಲು, ಉಳಿದ ಅರ್ಧ ಐದು ವರ್ಷ ನಡೆಸಲು. ಯೋಜನೆ ಬರೆದವರಲ್ಲಿ ಯಾರೋ ಒಬ್ಬರು ಮೇಷ್ಟ್ರಾಗಿದ್ದಿರಬೇಕು ಅನ್ನಿಸಿತ್ತು. ಇಂಥ ಲ್ಯಾಬ್‌ಗಳು ದೇಶದಲ್ಲಿ ಹತ್ತು ಸಾವಿರದಷ್ಟಾಗಿವೆ. ನನ್ನ ವಿದ್ಯಾರ್ಥಿ ಫೋನ್ ಮಾಡಿದ ಅದೇ 2025ರ ಫೆಬ್ರವರಿಯಲ್ಲಿ, ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಎಂದು ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಯಿತು.

ಆ ಐದು ವರ್ಷ ಮುಗಿದ ಮೇಲೆ ಏನು ಎಂಬುದೇ ನನ್ನ ಚಿಂತೆ. ಒಂದು ಶಾಲೆಯಲ್ಲಿ ನೋಡಿದೆ, 3ಡಿ ಪ್ರಿಂಟರಿಗೆ ಅಚ್ಚುಕಟ್ಟಾಗಿ ಬಟ್ಟೆ ಹೊದಿಸಿಟ್ಟಿದ್ದರು. ಪ್ಲಾಸ್ಟಿಕ್ ದಾರದ ಸುರುಳಿ ಮುಗಿದು ಎಷ್ಟೋ ತಿಂಗಳಾಗಿತ್ತು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಗಣಿತದ ಮೇಷ್ಟ್ರು ವರ್ಗವಾಗಿದ್ದರು. ಹೊಸದಾಗಿ ಬಂದವರು ನನಗೆ ಕೋಣೆ ತೋರಿಸುತ್ತಾ, ಒಂದೊಂದನ್ನೂ ಬೆರಳಿನಿಂದ ತೋರಿಸಿ, "ಎಲ್ಲಾ ಇದೆ ಮೇಡಂ, ಏನೂ ಹೋಗಿಲ್ಲ" ಅಂದರು. ನನಗೆ 1988ರ ಬೀರುವಿನ ಬಾಗಿಲು ಮತ್ತೆ ತೆರೆದ ಹಾಗಾಯಿತು.

ಹಾಗಾದರೆ ಸರಿಯಾಗಿ ನಡೆದದ್ದು ಎಲ್ಲೂ ಇಲ್ಲವೇ? ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ (ಈಗ ನರ್ಮದಾಪುರಂ) ಜಿಲ್ಲೆಯ ಕಥೆಯನ್ನು ನಮ್ಮ ಕಡೆ ಇನ್ನಷ್ಟು ಜನ ತಿಳಿಯಬೇಕು. 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ ಹದಿನಾರು ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗ ಮಾಡಿಯೇ ಕಲಿಸುವ ಕಾರ್ಯಕ್ರಮ ಶುರುಮಾಡಿದವು. ದೆಹಲಿ ವಿಶ್ವವಿದ್ಯಾಲಯದ, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಯ ಮೇಷ್ಟ್ರುಗಳ ಜೊತೆ ಕೂತು ಪಾಠ ಬರೆದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಹೊಣೆ ಹೊತ್ತಿತು. ಮಕ್ಕಳು ನಾಲ್ವರ ಗುಂಪಿನಲ್ಲಿ ಪ್ರಯೋಗ ಮಾಡುತ್ತಿದ್ದರು, ನನ್ನ ಲೆಕ್ಕಕ್ಕೆ ನಾಲ್ವರ ಗುಂಪು ಬಂದದ್ದೇ ಅಲ್ಲಿಂದ. ಮುಗಿದ ಸಾಮಾನನ್ನು ಮತ್ತೆ ತುಂಬಿಸುವ ವ್ಯವಸ್ಥೆ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಯಾವುದು ಆಯಿತು, ಯಾವುದು ಕೆಟ್ಟಿತು ಎಂದು ಮಾತಾಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು.

ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆಯ ದಾರಿ ತೆರೆದದ್ದೂ ಅಲ್ಲಿಯೇ. 1978ರಲ್ಲಿ ಟೆಲ್ಕೊ ಕಂಪನಿಯಿಂದ ಒಂದು ವರ್ಷ ರಜೆ ಹಾಕಿ ಹೋದ ಈ ಎಂಜಿನಿಯರಿಗೆ ಸೈಕಲ್ ವಾಲ್ವ್ ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಚುಚ್ಚಿ ತ್ರಿಕೋನ, ಘನ, ಮನೆ ಕಟ್ಟಬಹುದು ಎಂದು ಹೊಳೆಯಿತು. ನನ್ನ ಲಿಸ್ಟಿನಲ್ಲಿದ್ದ ವಾಲ್ವ್ ಟ್ಯೂಬ್ ಅದಕ್ಕೇ. ಚೌಕ ಅಲ್ಲಾಡುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಸೇತುವೆಯ ಪಕ್ಕದಲ್ಲಿ ತ್ರಿಕೋನಗಳೇಕೆ ಎಂದು ಮಕ್ಕಳಿಗೆ ಬೆರಳ ತುದಿಯಲ್ಲೇ ತಿಳಿಯುತ್ತದೆ. ಎಂಜಿನಿಯರಿಂಗ್ ಅಲ್ಲಿಂದಲೇ ಶುರು.

ಹೋಶಂಗಾಬಾದ್ ಕಾರ್ಯಕ್ರಮ ಮೂವತ್ತು ವರ್ಷ ನಡೆದು 2002ರಲ್ಲಿ ಸರ್ಕಾರದ ಆದೇಶದಿಂದ ನಿಂತಿತು. ಅದು ನಿಂತ ದುಃಖ ನನಗೂ ಇದೆ. ಆದರೆ ಒಂದು ಕಿಟ್ಟು ಮೂರು ವರ್ಷ ಬಾಳದ ನಾಡಿನಲ್ಲಿ ಮೂವತ್ತು ವರ್ಷ ಹೇಗೆ ನಡೆಯಿತು ಎಂದು ದುಡ್ಡು ಕೊಡುವವರು ಕೇಳಿಕೊಳ್ಳಬೇಕು. ಅಲ್ಲಿ ಖರ್ಚು ಮಾಡಿದ್ದು ಜನರ ಮೇಲೆ, ಮಾತುಕತೆಯ ಮೇಲೆ, ಮತ್ತೆ ಮತ್ತೆ ತುಂಬಿಸುವುದರ ಮೇಲೆ.

ನಮ್ಮ ಗಡಿಯ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. 1999ರಲ್ಲಿ ರಾಮ್‌ಜಿ ರಾಘವನ್ ಸ್ಥಾಪಿಸಿದ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಷನ್. ಕೆಜಿಎಫ್‌ನಿಂದ ದೂರವೇನಲ್ಲದ, ಆಂಧ್ರದ ಕುಪ್ಪಂ ಬಳಿ 172 ಎಕರೆಯ ಅವರ ಕ್ಯಾಂಪಸ್ ಇದೆ. ಆದರೆ ಹಳ್ಳಿಯ ಮಕ್ಕಳಿಗೆ ಅವರು ಪರಿಚಯವಾಗುವುದು ವ್ಯಾನಿನಿಂದ, ಬೈಕಿನಿಂದ. ಪ್ರಯೋಗದ ಸಾಮಾನು ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೋಗುವ ವ್ಯಾನು, ಅದರ ಜೊತೆ ಮಕ್ಕಳ ಭಾಷೆಯಲ್ಲೇ ಮಾತಾಡುವ ಬೋಧಕ. ಆ ವ್ಯಾನಿನ ಬೆಲೆಬಾಳುವ ಭಾಗ ಆ ಬೋಧಕನೇ. ಸಾಮಾನು ಮುಟ್ಟಬೇಡಿ ಎಂದು ಹೇಳದೆ ಇರಲು ಸಂಬಳ ಪಡೆಯುವ ಒಬ್ಬ ಮನುಷ್ಯ. ದಾನಿಗಳ ಸಭೆಗಳಲ್ಲಿ ಸಂಬಳ ಎಂದಾಕ್ಷಣ ಮುಖ ಗಂಟಾಗುವುದನ್ನು ನೋಡಿದ್ದೇನೆ. ಕಬ್ಬಿಣಕ್ಕೆ ಕೊಡುವವರು ಮನುಷ್ಯನಿಗೆ ಕೊಡಲು ಹಿಂಜರಿಯುತ್ತಾರೆ.

ಬಿ.ಇಡಿ. ಮಾಡುವಾಗ ಬೆಂಗಳೂರಿನಲ್ಲಿ ನನಗೆ ಎರಡು ಜಾಗ ಸಿಕ್ಕಿದ್ದವು. ಒಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ. ಇನ್ನೊಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ. ಎರಡರ ಹುಟ್ಟೂ 1962. ಒಂದು ಕಡೆ ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡುವುದು, ಇನ್ನೊಂದು ಕಡೆ ಟಿಕೆಟ್ಟಿಲ್ಲದೆ ಕೂತು ದೊಡ್ಡ ವಿಜ್ಞಾನಿಗಳ ಮಾತು ಕೇಳುವುದು. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ ಎಚ್.ಎನ್. ಆ ವೇದಿಕೆ ಇಷ್ಟು ವರ್ಷ ನಡೆದದ್ದು ವಾರ ತಪ್ಪದ ಹಟದಿಂದ. ದುಡ್ಡಿಗೂ ಆ ಹಟ ಬರಬೇಕು.

ಕಾನೂನು ಇದಕ್ಕೆ ಅಡ್ಡ ಬರುತ್ತದೆಯೇ ಎಂದು ನನ್ನ ವಿದ್ಯಾರ್ಥಿಯೂ ನಾನೂ ಕೂತು ಓದಿದೆವು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. 2021ರಿಂದ ಖರ್ಚಾಗದ ಹಣವನ್ನು ಬೇರೆ ಖಾತೆಗೋ ಸರ್ಕಾರ ಹೇಳಿದ ನಿಧಿಗೋ ವರ್ಗಾಯಿಸಲೇಬೇಕು, ಹಾಗಾಗಿ ಮಾರ್ಚ್ ಬಂತೆಂದರೆ ಅವಸರ. ಆದರೆ ಸೆಲ್ಲು, ಗಾಜು, ಬೋಧಕರ ಸಂಬಳ ಕೊಡಬಾರದು ಎಂದು ಎಲ್ಲೂ ಬರೆದಿಲ್ಲ. ಶುರುಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಯುವ ಯೋಜನೆಗೆ ನಿಯಮದಲ್ಲೇ ಜಾಗವಿದೆ. ಒಂದು ಮಗು ಎಂಟನೇ ಕ್ಲಾಸಿಗೆ ಸೇರಿ ಎಸ್‌ಎಸ್‌ಎಲ್‌ಸಿ ಮುಗಿಸುವಷ್ಟು ಕಾಲ ಸಿಕ್ಕಿತಲ್ಲ! ಅಡ್ಡ ನಿಂತಿರುವುದು ಕಾನೂನಲ್ಲ, ಟೇಪು ಕತ್ತರಿಸುವ ಅಭ್ಯಾಸ.

ಬಿಲ್ಲಿನದು ಇನ್ನೊಂದು ಕಷ್ಟ. ವಾಲ್ವ್ ಟ್ಯೂಬ್ ಸಿಗುವುದು ಸೈಕಲ್ ಶಾಪಿನಲ್ಲಿ, ಹಳೆ ಸ್ಪೀಕರಿನ ಆಯಸ್ಕಾಂತ ಗುಜರಿ ಅಂಗಡಿಯಲ್ಲಿ. ಅವರು ಜಿಎಸ್‌ಟಿ ಬಿಲ್ಲು ಎಲ್ಲಿಂದ ಕೊಡುತ್ತಾರೆ? ಬಿಲ್ಲು ಕೊಡುವವರ ಹತ್ತಿರ ಅದೇ ಆಯಸ್ಕಾಂತ ಬಣ್ಣದ ಡಬ್ಬಿಯಲ್ಲಿ ಹತ್ತು ಪಟ್ಟು ಬೆಲೆಗೆ ಬರುತ್ತದೆ. ಶಿಕ್ಷಕರು ಸಹಿ ಮಾಡಿದ ವೋಚರನ್ನು ಸಣ್ಣ ಖರ್ಚಿಗೆ ನಂಬಲು ದಾನಿಗಳು ಒಪ್ಪಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಆ ಕಂಪನಿಯ ದುಡ್ಡು ಕೊನೆಗೆ ಬೇರೆ ಶಾಲೆಯ ಸ್ಮಾರ್ಟ್ ಬೋರ್ಡಿಗೆ ಹೋಯಿತು. ನನ್ನ ವಿದ್ಯಾರ್ಥಿ ಸುಮ್ಮನಾಗಲಿಲ್ಲ. ಅವನೂ ಅವನ ಬ್ಯಾಚಿನ ಆರು ಜನರೂ ಸೇರಿ ತಲೆಗೆ ತಿಂಗಳಿಗೆ ₹300ರಂತೆ ಕೂಡಿಸಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಜೂನ್‌ನಿಂದ ಹಾಕಲು ಶುರುಮಾಡಿದರು. ನಾನು ಒಂದೇ ಷರತ್ತು ಹಾಕಿದೆ. ಮಾರ್ಚ್ ಕೊನೆಗೆ ಶಾಲೆಯವರು ಏನು ಉಳಿದಿದೆ ಎಂಬ ವರದಿ ಕೊಡಬಾರದು, ಏನು ಒಡೆಯಿತು, ಏನು ಮುಗಿಯಿತು ಎಂಬ ಪಟ್ಟಿ ಕೊಡಬೇಕು. ಈಗ ಅಲ್ಲಿರುವ ವಿಜ್ಞಾನದ ಮೇಡಂ ಚಿಕ್ಕ ವಯಸ್ಸಿನವರು. ಷರತ್ತು ಕೇಳಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. "ಒಡೆದ್ರೆ ನನ್ನ ಮೇಲೆ ಬರಲ್ವಾ ಮೇಡಂ?" ಎಂದು ಕೇಳಿದರು. ಬರುವುದಿಲ್ಲವೆಂದು ಏಳು ಜನರ ಕೈಲೂ ಬರೆಸಿ ಕೊಟ್ಟೆ.

ಹೋದ ತಿಂಗಳು ಪಟ್ಟಿ ಬಂತು. ಒಂಬತ್ತನೇ ಕ್ಲಾಸಿನ ಯಾರೋ ಮಗು ರೂಲ್ ಹಾಳೆಯಲ್ಲಿ ದುಂಡಗೆ ಬರೆದದ್ದನ್ನು ಮೇಡಂ ಫೋಟೋ ತೆಗೆದು ಕಳಿಸಿದ್ದರು. ಟೆಸ್ಟ್ ಟ್ಯೂಬ್ 23 ಒಡೆದಿದೆ. ಥರ್ಮಾಮೀಟರ್ 2 ಒಡೆದಿದೆ. ಬಲ್ಬು 41 ಸುಟ್ಟಿದೆ. ಸೆಲ್ಲು ಎಲ್ಲಾ ಖಾಲಿ. ಮೆಗ್ನೀಷಿಯಂ ರಿಬ್ಬನ್ ಪೂರ್ತಿ ಮುಗಿದಿದೆ. ಬ್ಯುರೆಟ್ 1 ಒಡೆದಿದೆ, ಅದಕ್ಕೆ ಕ್ಷಮಿಸಿ. ಕೆಳಗೆ ಬೇರೆ ಪೆನ್ನಿನಲ್ಲಿ: ಜೂನ್‌ಗೆ ಒಂಬತ್ತು ವೋಲ್ಟಿನ ಬ್ಯಾಟರಿ ಜಾಸ್ತಿ ಬೇಕು, ನಮಗೆ ಇನ್ನೊಂದು ಸಲ ಮಾಡಿ ನೋಡಬೇಕು.